ಮೂರನೆಯ ಸಾಲಿನ ಮೊದಲ ಪದ

ನಮ್ಮ ಯಜಮಾನರಿಗೆ ಸ್ಟ್ರೋಕ್ ಆದ ಮೇಲೆ ಅವರ ಬಳಿ ಉಳಿದ ಮಾತುಗಳು ಮೂರೇ. ‘ಹೂಂ’, ‘ಬ್ಯಾಡ’, ಮತ್ತು ಯಾಕೋ ಏನೋ, ‘ಬುಧವಾರ’. ಟೀ ಬೇಕಾದರೂ ಬುಧವಾರ, ಕಿಟಕಿ ಮುಚ್ಚಬೇಕಾದರೂ ಬುಧವಾರ. ಸಿಟ್ಟು ಬಂದರೆ ಅದೇ ಬುಧವಾರವನ್ನು ಜೋರಾಗಿ ಹೇಳುತ್ತಿದ್ದರು. ಆಸ್ಪತ್ರೆಯಿಂದ ಅವರನ್ನು ಮ್ಯಾಂಚೆಸ್ಟರಿನ ನಮ್ಮ ಮನೆಗೆ ಕರೆತಂದು, ಕೆಳಗಿನ ಫ್ರಂಟ್ ರೂಮಿನಲ್ಲೇ ಮಂಚ ಹಾಕಿಸಿದೆವು. ಕಿಟಕಿಯಾಚೆ ವಿಲ್ಮ್ಸ್‌ಲೋ ರೋಡಿನ ಬಸ್ಸುಗಳು. ಅವುಗಳ ಮೇಲಿನ ಡೆಕ್ಕಿನಲ್ಲಿ ಕೂತ ಹುಡುಗ ಹುಡುಗಿಯರು ನಮ್ಮ ಮನೆಯೊಳಗೆ ಇಣುಕಿ ಹೋಗುತ್ತಿದ್ದರು. ಅವರಿಗೇನು ಕಂಡೀತು? ಒಬ್ಬ ಮುದುಕ, ಒಬ್ಬಳು ಮುದುಕಿ, ನಡುವೆ ಒಂದು ಟ್ರೇ.

ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಒಳ್ಳೆಯ ಹುಡುಗಿ, ಲೀಡ್ಸ್ ಕಡೆಯವಳು. ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ ಎಂದು ಅವಳೇ ಹೇಳಿದ್ದು. “ಚಿಕ್ಕಂದಿನಲ್ಲಿ ಕೇಳಿದ್ದು, ಬೀಟ್ ಇರೋದು, ಅದೇ ಪದ ಮತ್ತೆ ಮತ್ತೆ ಬರೋದು. ನಿಮ್ಮ ಭಾಷೆಯಲ್ಲಿ ಅಂಥದ್ದೇನಾದರೂ ಇದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನನಗೆ ನಾಚಿಕೆಯಾಯಿತು. ನಾನು ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ನನ್‌ಗಳ ಕೈಯಲ್ಲಿ ಓದಿದವಳು. ನನ್ನ ಚಿಕ್ಕಂದಿನ ಹಾಡೆಂದರೆ ಚಾಪೆಲಿನಲ್ಲಿ ಹೇಳುತ್ತಿದ್ದ ಹಿಮ್‌ಗಳು, ಕುರಿಮರಿ, ಟೀಪಾಟುಗಳ ಇಂಗ್ಲಿಷ್ ರೈಮ್‌ಗಳು. ನಮ್ಮವರು ಧಾರವಾಡದ ಕನ್ನಡ ಶಾಲೆಯ ಹುಡುಗ. ಅವರೊಳಗೆ ಯಾವ ಹಾಡಿದೆಯೋ ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ.

ನಾನು ಹುಡುಕುವ ಮೊದಲೇ ಅದು ತಾನಾಗಿ ಬಂತು. ಒಂದು ಮಧ್ಯಾಹ್ನ ನಾನು ಅವರ ಸ್ವೆಟರಿನ ಗುಂಡಿ ಹಾಕುತ್ತಿದ್ದೆ. ಬಾಯಿಯ ಒಂದು ಮೂಲೆ ಜೋತುಬಿದ್ದಿದ್ದರೂ ಅಕ್ಷರ ಅಕ್ಷರವೂ ತೊಳೆದಿಟ್ಟ ಹಾಗೆ ಬಂತು:

ಕಿಲಕಿಲ ನಗುವಿನ ಕೂಸಿಗೆ ಜೋ
ಮಲಗಿಸಿ ತೂಗುವೆ ತೊಟ್ಟಿಲ ಜೋ

ಅಲ್ಲಿಗೆ ತುಟಿ ಮುಚ್ಚಿಕೊಂಡಿತು. ಎಡಗೈ ಕುರ್ಚಿಯ ಕೈಯ ಮೇಲೆ ಟಕಟಕ ಬಡಿಯಿತು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ನಿಲುಗಡೆ.

ರಾಗ ನನಗೆ ಗೊತ್ತಿತ್ತು. ನನ್ನ ಅತ್ತೆಯವರು ಕಟ್ಟಿದ ಜೋಗುಳ ಅದು, ನಾಲ್ಕೇ ಸಾಲಿನದು. ಮಗಳು ಚಿಕ್ಕವಳಿದ್ದಾಗ ಇವರು ಸ್ನಾನ ಮಾಡಿಸಿ ಟವೆಲಿನಲ್ಲಿ ಸುತ್ತಿಕೊಂಡು ಹೇಳುತ್ತಿದ್ದದ್ದು ಈ ರಾಗವನ್ನೇ; ಪದಗಳು ಮಾತ್ರ ಕಲಸಿಹೋಗಿವೆ ಎಂದುಕೊಂಡೆ. ಮೂರನೆಯ ಸಾಲು ಮಗುವಿನ ಹೆಸರಿನಿಂದ ಶುರುವಾಗುತ್ತದೆ. ಹೆಸರು, ಅದಾದ ಮೇಲೆ ‘ಎನ್ನುತ ಕರೆಯುವೆ ಜೋ’. ಈಗ ಇವರು ಸರಿಯಾಗಿ ಆ ಹೆಸರಿನ ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದರು.

ಮಗಳು ಬರ್ಚ್‌ವುಡ್‌ನಲ್ಲಿ ಇಂಜಿನಿಯರ್. ಶನಿವಾರ ಶನಿವಾರ ಕಾರು ಹೊಡೆದುಕೊಂಡು ಬರುತ್ತಾಳೆ. ಅವಳಿಗೆ ಮನೆಯಲ್ಲಿ ಆಡುವ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಅರ್ಧಕ್ಕರ್ಧ ಇಂಗ್ಲಿಷ್. ಆ ವಾರ ಬಂದವಳು ಹಾಡು ಕೇಳಿ ಕೋಟನ್ನೂ ಬಿಚ್ಚದೆ ಅವರ ಮುಂದೆ ಮಂಡಿಯೂರಿ ಕೂತಳು.

“ದಟ್ಸ್ ಮೈ ಸಾಂಗ್, ಅಮ್ಮ! ಪದಗಳೆಲ್ಲ ರಾಂಗ್, ಆದ್ರೆ ನಂದೇ. ಗೋ ಆನ್, ಅಪ್ಪ. ನೆಕ್ಸ್ಟ್?”

ಅವರು ಅವಳನ್ನೇ ನೋಡಿದರು. ಕೈ ಟಕಟಕ ಎಂದಿತು.

“ನೆಕ್ಸ್ಟ್ ಈಸ್ ಮೈ ನೇಮ್, ಅಪ್ಪ.”

“ಬುಧವಾರ,” ಎಂದರು ಪಾಪ, ತುಂಬ ಪ್ರೀತಿಯಿಂದ.

ಅವಳು ನಕ್ಕಳು. ಆಮೇಲೆ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತಳು. ನಾನು ಟೀ ತೆಗೆದುಕೊಂಡು ಹೋದಾಗ ಸ್ಟಿಯರಿಂಗ್ ವ್ಹೀಲಿನ ಮೇಲೆ ಹಣೆಯಿಟ್ಟಿದ್ದಳು. “ಎವೆರಿಥಿಂಗ್ ಎಲ್ಸ್ ಐ ಕ್ಯಾನ್ ಟೇಕ್. ನಡೀಲಿಕ್ಕೆ ಆಗ್ದಿದ್ರೂ ಪರವಾಗಿಲ್ಲ. ಆದ್ರೆ ಹಿ ಹ್ಯಾಸ್ ಲಾಸ್ಟ್ ಮೀ, ಅಮ್ಮ. ನನ್ನ ಹೆಸರಿನ ಜಾಗದಲ್ಲಿ ದೇರ್ ಈಸ್ ಜಸ್ಟ್ ಎ ಹೋಲ್.”

ಅವಳು ಹೊರಟು ಹೋದ ಮೇಲೆ ಆ ತೂತು ಮನೆಯಲ್ಲೇ ಉಳಿಯಿತು.

ನನಗೆ ಗೊತ್ತಿದ್ದ ಉಪಾಯವೊಂದೇ. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪೊಯೆಟ್ರಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ರೂಲರಿನಿಂದ ಡೆಸ್ಕ್ ಬಡಿದು ಹೇಳುತ್ತಿದ್ದರು: ಪದ್ಯ ಅರ್ಥವಾಗದಿದ್ದರೆ ಮೂರು ಪ್ರಶ್ನೆ ಕೇಳು. ಬಡಿತ ಎಲ್ಲಿದೆ? ರೈಮ್ ಎಲ್ಲಿದೆ? ಯಾವುದು ಮತ್ತೆ ಬರುತ್ತದೆ? ಇವರ ಎರಡು ಸಾಲನ್ನು ಪೇಪರಿನ ಅಂಚಿನಲ್ಲಿ ಬರೆದುಕೊಂಡು ಅಡುಗೆಮನೆಯ ಟೇಬಲ್ಲಿಗೆ ಕೂತೆ. ಪಕ್ಕದಲ್ಲಿ ಮಗಳ ಹಾಡಿನ ಸಾಲುಗಳನ್ನೂ ನೆನಪಿನಿಂದ ಬರೆದೆ:

ಕಮಲದ ಮೊಗ್ಗಿನ ಕಂದಗೆ ಜೋ
ಘಮಘಮ ಧೂಪದ ಹೊಗೆಯಲಿ ಜೋ

ಮೂರನೆಯದರಲ್ಲಿ ಅವಳ ಹೆಸರು. ನಾಲ್ಕನೆಯದು ‘ನಮಗಿದು ಹಬ್ಬದ ಬೆಳಗೇ ಜೋ’.

ಡ-ಡಂ, ಡ-ಡಂ ಎಂದು ಒತ್ತು ಹುಡುಕಿದೆ. ಕನ್ನಡ ಒತ್ತಿಗೆ ಸಿಗಲೇ ಇಲ್ಲ. ಎಲ್ಲಿ ಪೆನ್ಸಿಲ್ ಊರಿದರೂ ಜಾರುತ್ತಿತ್ತು. ರೈಮ್ ನೋಡಿದೆ. ಸಾಲಿನ ಕೊನೆಗೆಲ್ಲ ಜೋ, ಜೋ, ಜೋ. ಎ, ಎ, ಎ ಎಂದು ಗುರುತು ಹಾಕಿ ಕೂತೆ. ಇದರಿಂದ ಯಾರಿಗೇನು ತಿಳಿದೀತು?

“ಅಜ್ಜಿ, ಇದೇನ್ರೀ? ಕನ್ನಡದ ಹಾಡಿಗೆ ಇಂಗ್ಲಿಷ್ ಪ್ಯಾಂಟ್ ತೊಡಿಸಾಕತ್ತೀರಿ?”

ಹಾಗೆಂದವಳು ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಗದಗಿನವಳು, ಇಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಳು. ನನ್ನ ಜೊತೆ ಬೆಂಗಳೂರು ಕನ್ನಡ ಆಡಲು ನೋಡುತ್ತಾಳೆ. ಖುಷಿಯಾದಾಗ ಮಾತ್ರ ಊರು ಹೊರಗೆ ಬಂದುಬಿಡುತ್ತದೆ. ಟೋಸ್ಟಿಗೆ ಶೇಂಗಾ ಚಟ್ನಿ ಸವರಿಕೊಳ್ಳುತ್ತ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಪ್ರಸ್ತಾರ ಹಾಕ್ಬೇಕ್ರೀ ಇದಕ್ಕ. ಟೆಂತ್‌ನಾಗ ಪ್ರಸ್ತಾರ ಅಂದ್ರ ಪುಕ್ಕಟ ಮಾರ್ಕ್ಸ್. ನಾ ಗಣಿತದಾಗ ಹೋದ್ರೂ ಇದರಾಗ ಹೋಗ್ತಿದ್ದಿಲ್ಲ. ಕೊಡ್ರಿ ಪೆನ್ಸಿಲ್. ಮಾತ್ರೆ ಎಣಿಸೂಣು.”

ನಾನು ಯಜಮಾನರ ಗುಳಿಗೆಯ ಡಬ್ಬಿಯ ಕಡೆ ನೋಡಿದೆ.

“ಆ ಮಾತ್ರೆ ಅಲ್ರೀ ಅಜ್ಜಿ!” ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನವಾಗಿತ್ತು.

ಅಕ್ಷರಗಳ ತಲೆಯ ಮೇಲೆ ಅವಳು ಗುರುತು ಹಾಕುತ್ತ ಹೋದಳು. ಗಿಡ್ಡ ಅಕ್ಷರಕ್ಕೆ ಬಟ್ಟಲಿನಂಥ ಗೆರೆ, ಅದು ಲಘು, ಒಂದು ಮಾತ್ರೆ. ಉದ್ದದ್ದಕ್ಕೆ ಅಡ್ಡಗೆರೆ, ಅದು ಗುರು, ಎರಡು ಮಾತ್ರೆ. ಕಿಲಕಿಲ, ನಾಲ್ಕು. ನಗುವಿನ, ನಾಲ್ಕು. ಕೂಸಿಗೆ, ನಾಲ್ಕು. ಕೊನೆಗೆ ಜೋ. ನನ್ನ ಪೆನ್ಸಿಲಿಗೆ ಜಾರುತ್ತಿದ್ದ ಸಾಲು ಅವಳ ಕೈಯಲ್ಲಿ ಇಟ್ಟಿಗೆಯಂತೆ ಕೂತಿತು.

“ಮೂರನೇ ಸಾಲಿನ ಆ ಖಾಲಿ ಜಾಗಾನೂ ನಾಲ್ಕು ಮಾತ್ರೆ. ಅಜ್ಜಾರು ಟಕಟಕ ಅನ್ನೂದು ಅದನ್ನ. ಮರ್ತಿಲ್ರೀ ಅವ್ರು. ಎಣಿಸಾಕತ್ತಾರ.”

“ನನ್ನ ಮಗಳ ಹೆಸರೂ ಅಷ್ಟೇ ಆಗುತ್ತೆ, ಅಲ್ವಾ?”

ಅವಳು ಬೆರಳು ಮಡಚಿದಳು. “ಆಗ್ತೈತಿ,” ಎಂದವಳು ಮತ್ತೆ ಸಾಲುಗಳ ಮೇಲೆ ಬಗ್ಗಿದಳು. “ಆದ್ರ ಕೂಡಂಗಿಲ್ರೀ ಅಜ್ಜಿ. ನೀವು ಪ್ರಾಸ ಬಾಲದಾಗ ಹುಡುಕೀರಿ. ನಮ್ಮ ಹಳೇ ಹಾಡಿನಾಗ ಪ್ರಾಸ ಕುತ್ತಿಗಿಗೆ ಇರ್ತೈತಿ. ಎರಡನೇ ಅಕ್ಷರ ನೋಡ್ರಿ.”

ನೋಡಿದೆ. ಕಿಲಕಿಲ, ಮಲಗಿಸಿ. ಎರಡನೆಯ ಅಕ್ಷರ ಲ, ಲ. ಮಗಳ ಹಾಡಿನಲ್ಲಿ ಕಮಲದ, ಘಮಘಮ, ನಮಗಿದು. ಅಲ್ಲೆಲ್ಲ ಮ. ಮಗಳ ಹೆಸರಿನ ಎರಡನೆಯ ಅಕ್ಷರವೂ ಮ. ಐವತ್ತು ವರ್ಷ ಕಿವಿಗೆ ಬಿದ್ದ ಹಾಡು. ಅದರ ಕುತ್ತಿಗೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

“ಇದು ನಿಮ್ಮ ಮಗಳ ಹಾಡಲ್ರೀ,” ಎಂದಳು ಹುಡುಗಿ, ಟೋಸ್ಟ್ ಕಡಿಯುತ್ತ. “ಎರಡನೇ ಅಕ್ಷರ ಲ ಇರೋ ಹೆಸರಿಗೆ ಕಟ್ಟಿದ್ದು. ಯಾರ್ರೀ ಅದು, ಅಜ್ಜಾರ ತಂಗೀನಾ?”

“ಇರಬೇಕು,” ಎಂದೆ. ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಅವಳು ಬಸ್ಸಿಗೆ ಓಡಿದ ಮೇಲೆ ನಾನು ಅಲ್ಲೇ ನಿಂತಿದ್ದೆ. ಇವರಿಗೆ ತಂಗಿಯರಿರಲಿಲ್ಲ. ಇದ್ದದ್ದು ಒಬ್ಬ ಅಕ್ಕ, ಅವರ ಹೆಸರಿನಲ್ಲಿ ಲ ಎಲ್ಲಿಯೂ ಇಲ್ಲ.

ನನಗೆ ಧಾರವಾಡದ ಒಂದು ಬೆಳಿಗ್ಗೆ ನೆನಪಾಯಿತು. ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಮಗಳನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದೆವು. ತಡವಾದರೂ ಸರಿ ಎಂದು ಅತ್ತೆಯವರು ತೊಟ್ಟಿಲ ಶಾಸ್ತ್ರ ಮಾಡಿಸಿದರು. ಅಲ್ಲಿಂದ ಮುಂದೆ ಪ್ರತಿ ಮೊಮ್ಮಗುವಿಗೂ ಅವರದೇ ಒಂದು ಹಾಡು. ರಾಗ ಒಂದೇ, ಮೂರನೆಯ ಸಾಲು ಒಂದೇ, ಮಿಕ್ಕ ಸಾಲು ಬೇರೆ. “ಮುದುಕಿ ಹೆಸರಿಗೆ ತಕ್ಕ ಹಾಡು ಹೊಲೀತಾಳ, ಕೂಸಿಗೆ ಕುಂಚಿಗಿ ಹೊಲದಂಗ,” ಎಂದು ನೆರೆಮನೆಯವರು ನಗುತ್ತಿದ್ದರು. ಹೆಸರು ಮಾತ್ರ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್‍ ಎಂದು ಊದಿ ಹೇಳುವವರೆಗೆ ಹೊರಗೆ ಬರಬಾರದು. ಅವಳು ಹೇಳಿದ ಕೂಡಲೇ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಅದಕ್ಕೇ ಅತ್ತೆಯವರು ಶಾಸ್ತ್ರದ ಹಿಂದಿನ ದಿನಗಳಲ್ಲಿ ಹಾಡನ್ನು ಒಗ್ಗಿಸಿಕೊಳ್ಳುವಾಗ ಹೆಸರಿನ ಜಾಗಕ್ಕೆ ಬಂದರೆ ಬಾಯಿ ಮುಚ್ಚಿ ತೊಟ್ಟಿಲ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು.

ಟಕಟಕ, ಟಕಟಕ.

ಈ ಮಗಳಿಗಿಂತ ಮೊದಲು ನನಗೊಂದು ಮಗು ಹುಟ್ಟಿತ್ತು. ಚೊಚ್ಚಲ ಹೆರಿಗೆಗೆ ಬೆಂಗಳೂರಿಗೆ ತವರಿಗೆ ಬಂದಿದ್ದೆ. ಹೆಣ್ಣು ಮಗು. ನಮ್ಮವರ ಕಡೆಯವರು ತೊಟ್ಟಿಲು ತೆಗೆದುಕೊಂಡು ಹೆಸರಿಡುವ ದಿನಕ್ಕೆ ರೈಲಿನಲ್ಲಿ ಬರುವವರಿದ್ದರು. ಅಷ್ಟರೊಳಗೆ ಮಗುವಿಗೆ ಜ್ವರ ಬಂತು, ಹೋಯಿತು. ಜ್ವರದ ಜೊತೆ ಮಗುವೂ ಹೋಯಿತು. ಧಾರವಾಡಕ್ಕೆ ತಂತಿ ಕೊಟ್ಟರು. ಇವರು ಒಬ್ಬರೇ, ತೊಟ್ಟಿಲಿಲ್ಲದೆ ಬಂದರು. ವರಾಂಡದಲ್ಲಿ ಕೂತು ಶೂ ಲೇಸನ್ನು ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ನನ್ನ ಅಮ್ಮ ನನ್ನ ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ಯಾರೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಹೆಸರಾದರೂ ಬೇಕಲ್ಲ. ಆಗಿನ ಮನೆಗಳಲ್ಲಿ ಹಾಗೆಯೇ. ಹೆಸರಿಡುವ ಮುಂಚೆ ಹೋದ ಮಗು ಬಂದೇ ಇರಲಿಲ್ಲವೆಂಬಂತೆ ಎಲ್ಲರೂ ಕಾಫಿ ಕುಡಿದರು. ಮುಂದೆ ಈ ದೇಶಕ್ಕೆ ಬಂದೆವು. ಇಲ್ಲಿ ಕೇಳುವವರೂ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ ಮಲಗಿದ್ದ ಆ ದಿನಗಳಲ್ಲಿ, ಧಾರವಾಡದ ಪಡಸಾಲೆಯಲ್ಲಿ ಅವಳಿಗೊಂದು ಹಾಡು ಹೊಲಿಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಈಗ, ಮ್ಯಾಂಚೆಸ್ಟರಿನ ಅಡುಗೆಮನೆಯಲ್ಲಿ, ನಲ್ಲಿ ಸೋರುತ್ತಿರುವಾಗ. ಇವರು ಅದನ್ನು ಕೇಳಿಸಿಕೊಂಡಿದ್ದರು. ಬಾಯಿಪಾಠವಾಗುವಷ್ಟು ಕೇಳಿಸಿಕೊಂಡು, ಬಾಯಿ ಮುಚ್ಚಿ ಇಟ್ಟುಕೊಂಡಿದ್ದರು. ಮಿಕ್ಕ ಮಾತೆಲ್ಲ ಹೋಗುವ ತನಕ.

ಆಮೇಲಿನ ದಿನಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ಬಾಯ್ಲರ್ ಹೊತ್ತಿಕೊಂಡು ರೇಡಿಯೇಟರ್ ಪೈಪು ಬಿಸಿಯಾಗುವಾಗ ಟಕಟಕ. ಫಾರ್ಮಸಿಯ ಕ್ಯೂನಲ್ಲಿ ಮುಂದಿನವರ ಊರುಗೋಲು. ನಾನು ಎಣಿಸುತ್ತಿದ್ದೆ. ಈರುಳ್ಳಿ ಹೆಚ್ಚುತ್ತ, ನಾಲ್ಕು ಮಾತ್ರೆಯ, ಎರಡನೆಯ ಅಕ್ಷರ ಲ ಆದ ಹೆಣ್ಣು ಹೆಸರುಗಳನ್ನು ಒಂದೊಂದಾಗಿ ಆ ಜಾಗಕ್ಕೆ ಇಟ್ಟು ನೋಡುತ್ತಿದ್ದೆ. ನಮ್ಮ ಭಾಷೆಯಲ್ಲಿ ಅಂಥವು ಬೇಕಾದಷ್ಟಿವೆ. ಕಷ್ಟ ಅದಲ್ಲ. ಪ್ರತಿ ಹೆಸರಿಗೂ ಒಂದೊಂದು ಮುಖ ಬಂದುಬಿಡುತ್ತಿತ್ತು. ಒಂದು ಹೆಸರಿಗೆ ಎರಡು ಜಡೆ, ಒಂದಕ್ಕೆ ಓದುವ ಕನ್ನಡಕ. ಇನ್ನೊಂದು ಹೆಸರು ನರೆತ ಕೂದಲನ್ನು ಹಾಗೇ ಬಿಟ್ಟುಕೊಂಡು, “ಅಮ್ಮ, ಈ ಗ್ಯಾಸ್ ಬಿಲ್ ಯಾಕೆ ಇಷ್ಟು?” ಎಂದು ಬಾಗಿಲಲ್ಲಿ ನಿಂತಂತಾಯಿತು. ನಾನು ಚಾಕು ಕೆಳಗಿಟ್ಟು ತಿರುಗಿ ನೋಡಿದೆ. ಬಾಗಿಲಲ್ಲಿ ರೀಸೈಕ್ಲಿಂಗ್ ಚೀಲವಿತ್ತು.

ಶನಿವಾರ ಮಗಳು ಬಂದಾಗ ಹೇಳಿಬಿಟ್ಟೆ. ಹೇಳದಿದ್ದರೆ ಅಪ್ಪ ತನ್ನನ್ನು ಮರೆತರೆಂದೇ ಅವಳು ನಂಬಿಕೊಂಡಿರುತ್ತಾಳೆ. ಗದಗಿನ ಹುಡುಗಿ ಹಾಕಿದ ಗುರುತುಗಳನ್ನು ಮುಂದಿಟ್ಟು, ಮ ತೋರಿಸಿದೆ, ಲ ತೋರಿಸಿದೆ. ಇಂಜಿನಿಯರಲ್ಲವೇ, ಪ್ಯಾಟರ್ನ್ ಬೇಗ ಹಿಡಿದಳು. ಹಿಡಿದ ಮೇಲೆ ಆ ಲ ಮೇಲೆ ಬೆರಳಿಟ್ಟು ಕೂತಳು.

“ಸೋ ಐ ಆಮ್ ನಾಟ್ ದಿ ಎಲ್ಡೆಸ್ಟ್,” ಎಂದಳು ಕೊನೆಗೆ.

“ಇಲ್ಲ ಪುಟ್ಟ.”

“ಕಸಿನ್ಸ್ ಮೇಲೆಲ್ಲ ಅಷ್ಟು ವರ್ಷ ಬಾಸ್ ಥರ ಇದ್ದೆ. ನೋ ಆಥಾರಿಟಿ ವಾಟ್ಸೋಎವರ್.” ನಗಲು ಹೋದಳು. ಮುಖ ಸಹಕರಿಸಲಿಲ್ಲ. “ಏನಂತ ಹೆಸರು?”

“ಗೊತ್ತಿಲ್ಲ.”

“ಯಾರಿಗೆ ಗೊತ್ತು?”

“ನಿಮ್ಮ ಅಜ್ಜಿಗೆ ಗೊತ್ತಿತ್ತು. ಹೆಸರಿಡಬೇಕಿದ್ದ ನಿಮ್ಮ ಸೋದರತ್ತೆಗೆ ಗೊತ್ತಿತ್ತು. ಇಬ್ಬರೂ ಇಲ್ಲ.”

“ಅಪ್ಪಂಗೆ?”

ಇಬ್ಬರೂ ಫ್ರಂಟ್ ರೂಮಿಗೆ ಹೋದೆವು. ಥೆರಪಿಸ್ಟ್ ಅವರಿಗೆ ಎಡಗೈಯ ಹೆಬ್ಬೆರಳನ್ನು ಮೇಲೆ ಮಾಡಿದರೆ ಹೌದು, ಕೆಳಗೆ ಮಾಡಿದರೆ ಇಲ್ಲ ಎಂದು ಕಲಿಸಿದ್ದಳು. ನಾನು ಅವರ ಎದುರಿನ ಸ್ಟೂಲಿನಲ್ಲಿ ಕೂತು ಕೇಳಿದೆ. “ಏನ್ರೀ, ಇದು ನಮ್ಮ ಮೊದಲನೇದರ ಹಾಡಾ?”

ಅಷ್ಟು ವರ್ಷಗಳಲ್ಲಿ ನಾನು ಅವಳ ಮಾತೆತ್ತಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡುತ್ತಲೇ ಇದ್ದರು. ಹೆಬ್ಬೆರಳು ನಿಧಾನವಾಗಿ ಮೇಲೆ ಹೋಯಿತು.

“ಅವಳಿಗೆ ಏನು ಹೆಸರು ಅಂತ ನಿಮ್ಮ ಅಮ್ಮ ನಿಮಗೆ ಹೇಳಿದ್ರಾ?”

ಹೆಬ್ಬೆರಳು ಕೆಳಗೆ ಬಂತು.

ಅಲ್ಲಿಗೆ ಮುಗಿಯಿತು. ಮರೆತದ್ದಾದರೆ ನೆನಪಿಸಬಹುದಿತ್ತು. ಇವರು ಕೇಳಿಸಿಕೊಂಡದ್ದೇ ಹೆಸರಿಲ್ಲದ ಹಾಡನ್ನು. ಆ ಖಾಲಿ ಇವರ ಮೆದುಳಿನದಲ್ಲ, ಸ್ಟ್ರೋಕಿನದೂ ಅಲ್ಲ, ಹಾಡಿನದೇ. ನನಗೆ ಇನ್ನು ಯಾವ ಹೆಸರೂ ಸಿಗುವುದಿಲ್ಲ.

ಮಗಳು ಅವರ ಪಾದದ ಬಳಿ ಕಾರ್ಪೆಟ್ಟಿನ ಮೇಲೆ ಕೂತು, ಟವೆಲಿನಲ್ಲಿ ಸುತ್ತಿಸಿಕೊಂಡಿದ್ದ ಆ ಹುಡುಗಿಯ ದನಿಯಲ್ಲಿ ತನ್ನ ಹಾಡನ್ನು ಶುರುಮಾಡಿದಳು. ಕಮಲದ ಮೊಗ್ಗಿನ ಕಂದಗೆ ಜೋ. ಅವರು ಎರಡನೆಯ ಸಾಲಿಗೆ ಸೇರಿಕೊಂಡರು. ಮೂರನೆಯದಕ್ಕೆ ಅವಳು ಬೇಕೆಂದೇ ಬಾಯಿ ಮುಚ್ಚಿದಳು. ಅವರು ಒಂದು ಕ್ಷಣವೂ ತಡೆಯದೆ ಅವಳ ಹೆಸರು ಹೇಳಿದರು. ಸ್ಪಷ್ಟವಾಗಿ, ಪೂರ್ತಿಯಾಗಿ, ಧಾರವಾಡದ ಉಚ್ಚಾರದಲ್ಲಿ. ಮಗಳು ಅವರ ಮೊಣಕಾಲಿಗೆ ಮುಖವಿಟ್ಟಳು. “ಓ ಅಪ್ಪ. ಓ ಯೂ ಸಿಲ್ಲಿ ಮ್ಯಾನ್.”

“ಹೂಂ,” ಎಂದರು ಅವರು.

ನಾನು ಏಳುವವಳಿದ್ದೆ, ಟೀ ಇಡೋಣವೆಂದು. ಅಷ್ಟರಲ್ಲಿ ಅವರು ಆ ಇನ್ನೊಂದನ್ನು ಎತ್ತಿಕೊಂಡರು. ಕಿಲಕಿಲ ನಗುವಿನ. ಮಲಗಿಸಿ ತೂಗುವೆ. ತುಟಿ ಮುಚ್ಚಿತು, ಕೈ ಮೇಲೆದ್ದಿತು. ಆ ಕೈ ಕೆಳಗಿಳಿಯುವ ಮೊದಲೇ ಮಗಳು ಅದನ್ನು ಹಿಡಿದುಕೊಂಡು, ಹುಟ್ಟಿದಾಗಿನಿಂದ ಯಾರಿಗೂ ಅನ್ನದ ಒಂದು ಪದವನ್ನು ಎಳೆದು ಹೇಳಿದಳು.

“ಅಕ್ಕಾ.”

ನಾಲ್ಕು ಮಾತ್ರೆ. ಕುತ್ತಿಗೆಯ ಅಕ್ಷರ ತಪ್ಪಿತ್ತು, ಗದಗಿನ ಹುಡುಗಿಯಿದ್ದಿದ್ದರೆ ಮಾರ್ಕ್ಸ್ ಕಳೆಯುತ್ತಿದ್ದಳು. ಆದರೆ ಅವರು ನಿಲ್ಲಲಿಲ್ಲ. ಮೊದಲ ಸಲ ಆ ಜಾಗವನ್ನು ದಾಟಿದರು. ‘ಎನ್ನುತ ಕರೆಯುವೆ ಜೋ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಾನೆಂದೂ ಕೇಳಿರದ ನಾಲ್ಕನೆಯ ಸಾಲು:

ನಿಲು ನಿಲು ತಾಯಿಯ ಮಡಿಲಲಿ ಜೋ

ಅತ್ತೆಯವರು ಆ ಕೂಸಿಗೆ ಬೇಡಿಕೊಂಡದ್ದು ಅದನ್ನು. ಒಂದು ಸಲ ಸಾಲದೆಂದು ಎರಡು ಸಲ. ಎರಡನೆಯ ಅಕ್ಷರ ಲ.

ಬಸ್ಸೊಂದು ಹೋಯಿತು, ಕಿಟಕಿಯ ಗಾಜು ನಡುಗಿತು. ಹಾಡಿನ ನಿಲು ಎಂದರೆ ನಿಲ್ಲು, ಉಳಿ ಎಂದು ಮಗಳಿಗೆ ಹೊಳೆಯಲಿಲ್ಲ. ನನ್ನನ್ನು ನೋಡಿದಳು. ನಾನು ಅವರನ್ನು ನೋಡುತ್ತಿದ್ದೆ. ಇಷ್ಟು ದಿನ ಅವರು ಮೂರನೆಯ ಸಾಲಿನಲ್ಲಿ ನಿಂತದ್ದು ಹೆಸರಿಲ್ಲವೆಂದೋ, ಅಥವಾ ಮುಂದಿನದು ನನ್ನ ಕಿವಿಗೆ ಬೀಳದಿರಲಿ ಎಂದೋ? ಕೇಳಿದರೆ ಹೆಬ್ಬೆರಳು ಯಾವ ಕಡೆ ಹೋಗುತ್ತಿತ್ತೋ. ನಾನು ಕೇಳಲಿಲ್ಲ. ಅವರ ಕಣ್ಣಲ್ಲಿ ಹೆದರಿಕೆಯಿತ್ತು, ಏನೋ ಒಡೆದುಬಿಟ್ಟವರ ಹಾಗೆ.

“ಬ್ಯಾಡ?” ಎಂದರು. ಪ್ರಶ್ನೆಯ ಹಾಗೆ.

ಸ್ಟೂಲನ್ನು ಅವರ ಮೊಣಕಾಲಿಗೆ ತಾಗುವಷ್ಟು ಮುಂದಕ್ಕೆಳೆದುಕೊಂಡೆ.

“ಬೇಕು,” ಎಂದೆ. “ಇನ್ನೊಂದು ಸಲ ಹೇಳಿ.”